ಅಪ್ಪ ಅಣ್ಣನಿಗೆ ದಾನಪತ್ರ ಮಾಡಿಕೊಟ್ಟಿದ್ದಾರೆ, ವಾಪಸ್ ಪಡೆಯಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ಅಪ್ಪನಿಗೆ 74 ವರ್ಷ. ತಿಪಟೂರಿನಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. 2019ರಲ್ಲಿ ಎರಡನ್ನೂ ಅಣ್ಣನಿಗೆ ದಾನಪತ್ರ ಮಾಡಿಕೊಟ್ಟರು. ಅಮ್ಮ ತೀರಿಕೊಂಡ ಮೇಲೆ ಅಣ್ಣ ಬಿಪಿ ಮಾತ್ರೆಗೂ ದುಡ್ಡು ಕೊಡುತ್ತಿಲ್ಲ. ಕೇಳಿದರೆ "ನಿನ್ನ ಮಗಳನ್ನೇ ಕೇಳು" ಅಂತಾನಂತೆ. ಪತ್ರ ರದ್ದು ಮಾಡಿಸಬಹುದಾ?

ವಕೀಲರು: ಮೊದಲು ಆ ಪತ್ರ ತೆಗೆದು ಪೂರ್ತಿ ಓದಿ. ಉತ್ತರ ಇರೋದು ಅಲ್ಲೇ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ದರೆ ಅದನ್ನು ರದ್ದು ಮಾಡಿಸಬಹುದು. ಆದರೆ ನಮ್ಮಲ್ಲಿ ಸಾಮಾನ್ಯವಾಗಿ "ಪ್ರೀತಿ ವಿಶ್ವಾಸದಿಂದ, ಯಾರ ಒತ್ತಾಯವೂ ಇಲ್ಲದೆ" ಅಂತ ಬರೆದು ಮುಗಿಸಿಬಿಡುತ್ತಾರೆ. ಷರತ್ತೇ ಇಲ್ಲದಿದ್ದರೆ ಈ ಕಲಂ ನೆರವಿಗೆ ಬರಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಯ ಕೇಸಿನಲ್ಲಿ ಅದೇ ಕೋರ್ಟ್ ದಾನಪತ್ರ ರದ್ದು ಮಾಡಿತು. ಅಲ್ಲಿ ಮಗ ನೋಡಿಕೊಳ್ಳುತ್ತಾನೆ ಅನ್ನೋದು ಬರವಣಿಗೆಯಲ್ಲಿತ್ತು, ಬೇರೆ ಒಂದು ವಚನಪತ್ರವೂ ಇತ್ತು. ಹಾಗಾಗಿ ಅಪ್ಪನ ಟ್ರಂಕಿನಲ್ಲಿರುವ ಬೇರೆ ಕಾಗದಗಳನ್ನೂ ನೋಡಿ.

ಇನ್ನೊಂದು ಮಾತು. ಅಂಗಡಿಯ ಜಿಎಸ್‌ಟಿ ಇನ್ನೂ ಅಪ್ಪನ ಹೆಸರಲ್ಲೇ ಇದೆಯಾ? ಇದ್ದರೆ ವ್ಯಾಪಾರ ಅಣ್ಣನದ್ದು, ತೆರಿಗೆ ಬಾಕಿಯ ನೋಟಿಸ್ ಅಪ್ಪನಿಗೆ! ಅದನ್ನು ಮೊದಲು ಸರಿಮಾಡಿಸಿ.

ಪ್ರಶ್ನೆ: ಪತ್ರ ಓದಿದೆ ಮೇಡಂ. ನೋಡಿಕೊಳ್ಳಬೇಕು ಅಂತ ಎಲ್ಲೂ ಇಲ್ಲ. ಮೂರನೇ ಪುಟದಲ್ಲಿ "ದಾನಿಯು ಜೀವಿತಾವಧಿಯವರೆಗೆ ಮೇಲಂತಸ್ತಿನಲ್ಲಿ ವಾಸಿಸತಕ್ಕದ್ದು" ಅಂತ ಒಂದು ಸಾಲಿದೆ. ಜಿಎಸ್‌ಟಿ ಅಪ್ಪನ ಹೆಸರಲ್ಲೇ ಇದೆ.

ವಕೀಲರು: ಆ ಒಂದು ಸಾಲು ಬರೆದ ಪತ್ರ ಬರಹಗಾರರಿಗೆ ಕೈ ಮುಗಿಯಬೇಕು. ಅಪ್ಪನನ್ನು ಮನೆಯಿಂದ ಎಬ್ಬಿಸಲು ಬಂದರೆ ಹಿಡಿದು ನಿಲ್ಲಲು ಅದು ಸಾಕು. ರದ್ದತಿಗೆ ಅದೊಂದನ್ನೇ ನಂಬಿಕೊಂಡು ಹೋಗಿ ಅಂತ ಮಾತ್ರ ನಾನು ಹೇಳಲ್ಲ.

ಜೀವನಾಂಶದ ದಾರಿ ಬೇರೆ, ಅದು ತೆರೆದೇ ಇದೆ. ಅದಕ್ಕೆ ದಾನಪತ್ರದಲ್ಲಿ ಷರತ್ತು ಬೇಕಿಲ್ಲ. ಸ್ವಂತ ಆದಾಯದಲ್ಲಿ ಬದುಕಲು ಆಗದ ತಂದೆ ತಾಯಿ ಮಕ್ಕಳಿಂದ ಕೇಳಬಹುದು. ಅರ್ಜಿ ಹಾಕುವುದು ಎಸಿ ಸಾಹೇಬರ ಮುಂದೆ, ಅಂದರೆ ಉಪವಿಭಾಗಾಧಿಕಾರಿ. ನಿಮಗೆ ತಿಪಟೂರಿನಲ್ಲೇ ಆ ಆಫೀಸಿದೆ, ತುಮಕೂರಿಗೆ ಓಡಾಡಬೇಕಿಲ್ಲ. ಅಪ್ಪ ಬರೆದುಕೊಟ್ಟರೆ ಅವರ ಪರವಾಗಿ ನೀವೇ ಹಾಕಬಹುದು. ನೋಟಿಸ್ ತಲುಪಿದ 90 ದಿನದೊಳಗೆ ತೀರ್ಮಾನ ಆಗಬೇಕು ಎಂದು ಕಾಯ್ದೆ ಹೇಳುತ್ತದೆ, ವಿಶೇಷ ಕಾರಣವಿದ್ದರೆ ಮತ್ತೆ 30 ದಿನ. ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿ. ಮೆಡಿಕಲ್ ಬಿಲ್, ಡಾಕ್ಟರ್ ಚೀಟಿ ಜೋಡಿಸಿಡಿ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದಿದ್ದರೆ ಅಪ್ಪನ ಕೈಲೇ 14567ಕ್ಕೆ ಫೋನ್ ಮಾಡಿಸಿ, ಅದು ಹಿರಿಯರ ಸಹಾಯವಾಣಿ.

ಆದರೆ ಒಂದು ತಿಳಿದಿರಲಿ. ಮಗಳಿಗೂ ಅಷ್ಟೇ ಹೊಣೆ. ಅಣ್ಣ ನಿಮ್ಮನ್ನೂ ಪಾರ್ಟಿ ಮಾಡಿ ಅಂತ ಕೇಳಬಹುದು.

ಪ್ರಶ್ನೆ: ಮಾಡಲಿ ಮೇಡಂ, ನನ್ನ ಪಾಲು ಈಗಲೂ ಕೊಡ್ತಾನೇ ಇದ್ದೀನಿ.

ವಕೀಲರು: ಫೋನ್‌ಪೇಯಲ್ಲಿ ಕಳಿಸ್ತಿದ್ದರೆ ಆ ಲೆಕ್ಕ ತೆಗೆದಿಡಿ, ಕೇಳಿದರೆ ತೋರಿಸಬಹುದು.

ಇನ್ನೊಬ್ಬ ಸದಸ್ಯರು: ಮೇಡಂ, ನಮ್ಮಮ್ಮ ಮುಂದಿನ ವಾರ ತಮ್ಮನಿಗೆ ದಾನಪತ್ರ ರಿಜಿಸ್ಟರ್ ಮಾಡಿಸ್ತಿದ್ದಾರೆ. ಈಗಲೇ ಏನಾದ್ರೂ ಸೇರಿಸಬಹುದಾ?

ವಕೀಲರು: ಖಂಡಿತ. "ಊಟ, ವಸತಿ, ಔಷಧ ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟಿದ್ದೇನೆ, ತಪ್ಪಿದರೆ ರದ್ದು" ಅಂತ ಬರೆಸಿ. ಸುಮ್ನೆ ಅವಸರ ಯಾಕೆ ಅನ್ನಿಸಿದರೆ ವಿಲ್ ಮಾಡಲಿ. ಇಬ್ಬರು ಸಾಕ್ಷಿ ಸಹಿ ಹಾಕಬೇಕು, ರಿಜಿಸ್ಟರ್ ಕಡ್ಡಾಯ ಅಲ್ಲ. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಮನೆಯ ಕೀಲಿ ಅಮ್ಮನ ಸೊಂಟದಲ್ಲೇ ಇರುತ್ತೆ.