‘ಸಮತಲ ಒತ್ತಡ’, ‘ಸಮತಲ ವಿಕೃತಿ’: ಬೇರೆ ಪದ ಇದೆಯೇ?

ಗೆಳೆಯರೇ,

ಪೀಣ್ಯದಲ್ಲಿ ಲೋಹದ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಕೆಲಸ ನನ್ನದು. ಹೊಸ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಾ ಪ್ಲೇನ್ ಸ್ಟ್ರೆಸ್, ಪ್ಲೇನ್ ಸ್ಟ್ರೇನ್ ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ. (ಸ್ಟ್ರೆಸ್ ಅಂದರೆ ವಸ್ತುವಿನ ಒಳಗೆ ಹುಟ್ಟುವ ಒತ್ತಡ, ಸ್ಟ್ರೇನ್ ಅಂದರೆ ಅದು ಎಷ್ಟು ಪಾಲು ಹಿಗ್ಗಿತು, ಕುಗ್ಗಿತು ಎನ್ನುವುದು.) ‘ಸಮತಲ ಒತ್ತಡ’, ‘ಸಮತಲ ವಿಕೃತಿ’ ಎಂದು ಬರೆದೆ. ಓದಿದವನು ಕೇಳಿದ: “ಒಂದೇ ತಗಡಿನ ಎರಡು ಅಳತೆನಾ ಸಾರ್?”

ಅಲ್ಲ. ತೆಳು ತಗಡನ್ನು ಉದ್ದಕ್ಕೆ ಎಳೆದರೆ ಅದರ ದಪ್ಪದ ದಿಕ್ಕಿನಲ್ಲಿ ಯಾರೂ ಒತ್ತುವುದಿಲ್ಲ. ಆ ದಿಕ್ಕಿನ ಒತ್ತಡ ಸೊನ್ನೆ. ಆದರೂ ದಪ್ಪ ಇಳಿಯುತ್ತದೆ, ಸೈಕಲ್ ಟ್ಯೂಬ್ ಎಳೆದಾಗ ತೆಳ್ಳಗಾಗುತ್ತದಲ್ಲ, ಹಾಗೆ. ಇದು ಪ್ಲೇನ್ ಸ್ಟ್ರೆಸ್. ಇನ್ನೊಂದಕ್ಕೆ ನಮ್ಮ ಮೆಟ್ರೊ ಸುರಂಗದ ಗೋಡೆಯಲ್ಲಿ ನಡುವಿನ ಒಂದು ಹೋಳು ನೋಡಿ. ಸುರಂಗದ ಉದ್ದಕ್ಕೆ ಅದು ಹಿಗ್ಗಲು ಆಚೀಚಿನ ಹೋಳುಗಳು ಬಿಡುವುದಿಲ್ಲ. ಹಿಗ್ಗು ಸೊನ್ನೆ, ಒತ್ತಡ ಮಾತ್ರ ಇದೆ. ಇದು ಪ್ಲೇನ್ ಸ್ಟ್ರೇನ್. ಬಿಎಂಟಿಸಿ ಬಸ್ಸಿನಲ್ಲಿ ಮೂವರ ಸೀಟಿನ ನಡುವೆ ಕೂತವನ ಪಾಡು!

ಹೆಸರು ದಾರಿ ತಪ್ಪಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಉಕ್ಕಿನ ದಪ್ಪ ಬ್ಲಾಕ್ ಒಂದರ ಹೊರಮೈಗೆ ಹಿಗ್ಗು-ಕುಗ್ಗು ಅಳೆಯುವ ಸ್ಟ್ರೇನ್ ಗೇಜ್ ಅಂಟಿಸಿದ್ದೆವು. ಒಂದು ದಿಕ್ಕಿಗೆ 600, ಅಡ್ಡಕ್ಕೆ 400 ಮೈಕ್ರೊಸ್ಟ್ರೇನ್ (ಉದ್ದದ ಹತ್ತು ಲಕ್ಷದಲ್ಲಿ ಅಷ್ಟು ಪಾಲು ಹಿಗ್ಗು) ಬಂತು. ಹುಡುಗ ಲೆಕ್ಕ ಹಾಕಿ ಮೊದಲ ದಿಕ್ಕಿನ ಒತ್ತಡ 208 ಮೆಗಾಪಾಸ್ಕಲ್ ಅಂದ. ಸರಿಯುತ್ತರ 158. ಯಾಕಪ್ಪಾ ಅಂದರೆ, “ಸ್ಟ್ರೇನ್ ಗೇಜ್ ಅಲ್ವಾ ಸಾರ್, ಅದಕ್ಕೇ ಪ್ಲೇನ್ ಸ್ಟ್ರೇನ್ ಸೂತ್ರ ಹಾಕಿದೆ.” ಬ್ಲಾಕ್ ಬೇರೆ ದಪ್ಪಗಿತ್ತು. ಆದರೆ ಗೇಜ್ ಕೂತಿರುವುದು ಮೈ ಮೇಲೆ, ಮೈ ಆಚೆ ಬರೀ ಗಾಳಿ. ಒಳಗೆ ಎಷ್ಟೇ ದಪ್ಪವಿರಲಿ, ಅಲ್ಲಿ ಪ್ಲೇನ್ ಸ್ಟ್ರೆಸ್ಸೇ. (ಎಣ್ಣೆ ಒತ್ತುವ ಪೈಪಿನ ಒಳಮೈಗೆ ಅಂಟಿಸಿದರೆ ಮಾತು ಬೇರೆ.)

ಹಾಗಾಗಿ ‘ಸಮತಲ’ ನನಗೆ ಸಮಾಧಾನ ಕೊಡುತ್ತಿಲ್ಲ. ಹುಡುಗರಿಗೆ ಗೊತ್ತಾಗಬೇಕಾದ್ದು ಮೂರನೇ ದಿಕ್ಕಿನ ಕಥೆ. ಪದ ಅದನ್ನೇ ಮುಚ್ಚಿಡುತ್ತದೆ. ‘ಒತ್ತಡ’ದ್ದೂ ತಕರಾರೇ: ಟೈರಿನ ಗಾಳಿಗೂ ಅದೇ, ಆಫೀಸಿನ ತಲೆಬಿಸಿಗೂ ಅದೇ. ‘ವಿಕೃತಿ’ ಅಂದರೆ ಹುಡುಗರು ನಗುತ್ತಾರೆ. ನಮ್ಮ ಶಾಪಿನಲ್ಲಿ ಸುಮ್ನೆ ‘ಹಿಗ್ಗು’, ‘ಕುಗ್ಗು’ ಅಂತೀವಿ.

ನನಗೆ ಹೊಳೆದದ್ದು ‘ಬಿಡುಮೈ ಸ್ಥಿತಿ’, ‘ಕಟ್ಟುಮೈ ಸ್ಥಿತಿ’. ಮೊದಲನೆಯದು ಪರವಾಗಿಲ್ಲ. ಎರಡನೆಯದು ಕುಸ್ತಿಪಟುವಿನ ‘ಕಟ್ಟುಮಸ್ತು ಮೈ’ ನೆನಪಿಸುತ್ತದೆ, ಅದೇ ಕಷ್ಟ. ಹಿಗ್ಗಲು ಎಡೆಯಿಲ್ಲದೆ ಸಿಕ್ಕಿಕೊಂಡಿರುವುದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ?