ಮಳೆ ಶುರುವಾದ ಮೇಲೆ ಮಗಳು ಕಾಯಿಲ್ ಕಿತ್ತು ಎಸೆಯುತ್ತಾಳೆ, ಏನು ಮಾಡಲಿ?

ಪ್ರಶ್ನೆ (ಮಲ್ಪೆ)

ಮಗಳಿಗೆ 3 ವರ್ಷ. ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳಿಸಲು ಆಪರೇಷನ್ ಮಾಡಿ ಒಳಗೆ ಕೂರಿಸುವ ಸಾಧನ) ಆಗಿ 8 ತಿಂಗಳಾಯಿತು. ಮೇ ತಿಂಗಳವರೆಗೆ ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಅದರ ಹೊರಗಿನ ಮೆಷಿನ್ ಹಾಕಿಕೊಂಡೇ ಇರುತ್ತಿದ್ದಳು. ಮಳೆ ಶುರುವಾದದ್ದೇ ಸರಿ, ಮಧ್ಯಾಹ್ನ ಆಗುತ್ತಿದ್ದ ಹಾಗೆ ಕಾಯಿಲ್ (ಮ್ಯಾಗ್ನೆಟ್‌ನಿಂದ ತಲೆಗೆ ಅಂಟುವ ಭಾಗ) ಕಿತ್ತು ಎಸೆಯುತ್ತಾಳೆ. ನಿನ್ನೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ ನೋಡಿದರೆ ಕಬ್ಬಿಣದ ಕಪಾಟಿನ ಬದಿಗೆ ಅಂಟಿಕೊಂಡಿತ್ತು. ಕಿವಿಯ ಹಿಂದೆ ಕೂರುವ ಪ್ರೊಸೆಸರ್‌ನ ಲೈಟ್ ಸರಿಯಾಗಿಯೇ ಇದೆ, ಬ್ಯಾಟರಿಯೂ ಬದಲಿಸಿ ನೋಡಿದೆ. ಮನೆಯಲ್ಲಿ ಎಲ್ಲರೂ ಹಟ ಜಾಸ್ತಿಯಾಗಿದೆ ಅಂತಾರೆ. ನಾನೂ ಎರಡು ಸಲ ಗದರಿಸಿದೆ. ಮ್ಯಾಪಿಂಗ್‌ಗೆ (ಮೆಷಿನ್‌ನ ಶಬ್ದದ ಮಟ್ಟ ಅವಳಿಗೆ ಹೊಂದಿಸುವುದಕ್ಕೆ) ಇನ್ನೂ 3 ವಾರ ಇದೆ.

ಉತ್ತರ (ಸುರತ್ಕಲ್)

ಗದರಿಸಬೇಡಿ. ನನ್ನ ಮಗನೂ ಹೀಗೇ ಮಾಡುತ್ತಿದ್ದ. ಶಬ್ದ ಸರಿಯಾಗಿ ಬರುತ್ತಿಲ್ಲ ಅಂತ ಹೇಳಲು ಇಷ್ಟು ಸಣ್ಣ ಮಕ್ಕಳಿಗೆ ಮಾತಿಲ್ಲ, ಕಿತ್ತು ಹಾಕುತ್ತಾರೆ ಅಷ್ಟೇ. ಬೆಳಿಗ್ಗೆ ಸರಿ ಇದ್ದದ್ದು ಮಧ್ಯಾಹ್ನ ಬೇಡವಾಯಿತು ಅಂದರೆ ನನಗೆ ಮೊದಲು ಸಂಶಯ ಬರುವುದು ತೇವದ ಮೇಲೆ.

ಲೈಟ್ ಉರಿದರೆ ಸಾಕಾಗುವುದಿಲ್ಲ. ಮೈಕ್ ಮುಚ್ಚಿಕೊಂಡಿದ್ದರೂ ಲೈಟ್ ಉರಿಯಬಹುದು. ಥೆರಪಿಯಲ್ಲಿ ಲಿಂಗ್ ಟೆಸ್ಟ್ ಕಲಿಸಿರಬೇಕಲ್ವಾ? ಅವಳ ಹಿಂದೆ, ಬಾಯಿ ಕಾಣದ ಹಾಗೆ ಕೂತು ಆ, ಊ, ಈ, ಮ್, ಶ್, ಸ್ ಹೇಳಿ. ಕೇಳಿಸಿದಾಗಲೆಲ್ಲ ಒಂದು ಬ್ಲಾಕ್ ಬುಟ್ಟಿಗೆ ಹಾಕಲಿ. ಬೆಳಿಗ್ಗೆ ಒಮ್ಮೆ, ಅವಳು ಕೀಳುವ ಹೊತ್ತಿಗೆ ಒಮ್ಮೆ ಮಾಡಿ. ಕೇಬಲ್ ಅಲುಗಿಸಿದಾಗ ಶಬ್ದ ಹೋಗಿ ಬಂದು ಮಾಡಿದರೆ ಕಿಟ್‌ನಲ್ಲಿರುವ ಬೇರೆ ಕೇಬಲ್ ಹಾಕಿ.

ಮೆಷಿನ್ ಒಣಗಲು ಇಡುವ ಡ್ರೈ ಬಾಕ್ಸ್‌ನಲ್ಲಿ ತೇವ ಹೀರುವ ಮಣಿಗಳ ಬಣ್ಣ ಏನಾಗಿದೆ? ತಲೆಗೆ ಎಣ್ಣೆ ಯಾವಾಗ ಹಚ್ಚುತ್ತೀರಿ?

ಪ್ರಶ್ನೆ ಕೇಳಿದವರು

ಅಕ್ಕ, ಬೆಳಿಗ್ಗೆ ಆರಕ್ಕೂ ಬ್ಲಾಕ್ ಹಾಕಿದಳು. ಮಧ್ಯಾಹ್ನ ಶ್, ಸ್ ಎರಡಕ್ಕೂ ಸುಮ್ನೆ ಕೂತಿದ್ದಳು. ಕಿತ್ತಳೆ ಬಣ್ಣದ ಮಣಿಗಳು ಪೂರ್ತಿ ಹಸಿರಾಗಿವೆ, ನಾನು ಗಮನಿಸಿಯೇ ಇರಲಿಲ್ಲ. ಅತ್ತೆ ದಿನಾ ಬೆಳಿಗ್ಗೆ ತೆಂಗಿನೆಣ್ಣೆ ಹಚ್ಚಿ ಜಡೆ ಹಾಕುತ್ತಾರೆ. ಸದ್ಯಕ್ಕೆ ರಾತ್ರಿ ಅಕ್ಕಿ ಡಬ್ಬದಲ್ಲಿ ಇಡಲಾ?

ಉತ್ತರ (ಸುರತ್ಕಲ್)

ಅಕ್ಕಿ ಬೇಡ, ಅದರ ಹುಡಿ ಮೈಕ್ ತೂತಿಗೆ ಹೋಗುತ್ತದೆ. ಹೇರ್ ಡ್ರೈಯರ್ ಬಿಸಿಯೂ ಬೇಡ. ಹಸಿರಾದ ಮಣಿಗಳು ಇನ್ನು ತೇವ ಹೀರುವುದಿಲ್ಲ, ಹೊಸದು ತನ್ನಿ. ನಮ್ಮ ಕರಾವಳಿಯ ಮಳೆಗಾಲಕ್ಕೆ ಅವು ಬೇಗ ಮುಗಿಯುತ್ತವೆ. ಡಬ್ಬಿಯ ಮುಚ್ಚಳ ಸ್ವಲ್ಪ ಸಡಿಲ ಇದ್ದರೂ ಕಷ್ಟ.

ರಾತ್ರಿ ಬ್ಯಾಟರಿ ತೆಗೆದು, ಪ್ರೊಸೆಸರ್ ಮತ್ತು ಕಾಯಿಲ್ ಒಣ ಹತ್ತಿಬಟ್ಟೆಯಲ್ಲಿ ಒರೆಸಿ ಒಳಗಿಡಿ. ನಿಮ್ಮದು ಬಳಸಿ ಎಸೆಯುವ ಝಿಂಕ್ ಏರ್ ಬ್ಯಾಟರಿಯಾದರೆ ಅದನ್ನು ಹೊರಗೇ ಇಡಿ, ಡಬ್ಬಿಯಲ್ಲಿಟ್ಟರೆ ಅದು ಒಣಗಿ ಬೇಗ ಮುಗಿಯುತ್ತದೆ. ನಿಮ್ಮ ಮಾಡೆಲ್‌ನಲ್ಲಿ ಮೈಕ್ ಕವರ್ ಬದಲಿಸುವ ಹಾಗಿದ್ದರೆ ಇವತ್ತೇ ಬದಲಿಸಿ. ಅದಕ್ಕೆ ಎಣ್ಣೆ ಹಿಡಿದಿರಬಹುದು. ಎಣ್ಣೆ ಬೇಡ ಅಂತ ಅತ್ತೆಗೆ ಹೇಳಬೇಕಾಗಿಲ್ಲ, ಮೆಷಿನ್ ತೆಗೆದ ಮೇಲೆ ರಾತ್ರಿ ಹಚ್ಚಲಿ. ಬೆಳಿಗ್ಗೆ ಕಿವಿಯ ಹಿಂದೆ ಚೆನ್ನಾಗಿ ಒರೆಸಿ ಹಾಕಿ.

ಆಡಿಯಾಲಜಿಸ್ಟ್‌ಗೆ (ಶ್ರವಣ ತಜ್ಞರಿಗೆ) ಮಾತ್ರ ಇವತ್ತೇ ಫೋನ್ ಮಾಡಿ. ಶ್, ಸ್ ಕೇಳದೆ 3 ವಾರ ಕಳೆಯುವುದು ಬೇಡ. ಮ್ಯಾಗ್ನೆಟ್ ಕೂರುವ ಜಾಗ ಕೆಂಪಾಗಿದೆಯಾ ಅಂತಲೂ ನೋಡಿ, ಆಗಿದ್ದರೆ ಅದನ್ನೂ ಹೇಳಿ.

ಪ್ರಶ್ನೆ ಕೇಳಿದವರು

5 ದಿನ ಆಯಿತು. ಹೊಸ ಮಣಿ, ಹೊಸ ಮೈಕ್ ಕವರ್. ನಿನ್ನೆ ಮಧ್ಯಾಹ್ನ 'ಶ್' ಅಂದಾಗ ಬ್ಲಾಕ್ ಹಾಕಿ ನನ್ನ ಕಡೆ ತಿರುಗಿ ನೋಡಿದಳು. ಸಂಜೆವರೆಗೂ ಕಾಯಿಲ್ ಮುಟ್ಟಲಿಲ್ಲ. 'ಸ್' ಇನ್ನೂ ಕೆಲವು ಸಲ ತಪ್ಪುತ್ತದೆ, ಶುಕ್ರವಾರ ಬರಲು ಹೇಳಿದ್ದಾರೆ. ಅತ್ತೆ ಎಣ್ಣೆ ಬಾಟಲಿಯನ್ನು ಅವಳ ಹಾಸಿಗೆ ಪಕ್ಕ ತಂದಿಟ್ಟಿದ್ದಾರೆ.