ಅಪ್ಪನಿಗಾಗಿ ಪೂರ್ಣ ಇಂಡಲ್ಜೆನ್ಸ್: ದಿನಾ ಪಾಪನಿವೇದನೆ ಬೇಕಾ? ಅನುಭವ ಇದ್ದವರು ಹೇಳಿ

ಮಂಡ್ಯ ಹುಡುಗ: ಅಪ್ಪ ಹೋದ ಮೇಲೆ ಇದು ಮೊದಲನೇ ನವೆಂಬರ್. ಸಮಾಧಿ ಮೈಸೂರಲ್ಲಿ, ನನ್ನದು ಇಲ್ಲಿ ಶಿಫ್ಟ್ ಕೆಲಸ. 1ರಿಂದ 8ರವರೆಗೆ ಸಿಮೆಟ್ರಿಗೆ ಹೋಗಿ ಪ್ರಾರ್ಥಿಸಿದರೆ ಸತ್ತವರಿಗೆ ಪೂರ್ಣ ಇಂಡಲ್ಜೆನ್ಸ್ (ಕ್ಷಮೆಯಾದ ಪಾಪಕ್ಕೆ ಉಳಿದ ಶಿಕ್ಷೆಯ ಪೂರ್ತಿ ಮಾಫಿ) ಸಿಗುತ್ತೆ ಅಂತಾರಲ್ಲ ನಮ್ಮ ಕ್ಯಾಥೊಲಿಕ್ ಚರ್ಚಲ್ಲಿ, ಅದಕ್ಕೆ ದಿನಾ ಪಾಪನಿವೇದನೆ (ಫಾದರ್ ಹತ್ರ ಪಾಪ ಒಪ್ಪಿಕೊಳ್ಳೋದು) ಮಾಡಬೇಕಾ? ಹಾಸಿಗೆ ಹಿಡಿದಿರೋ ಅಮ್ಮನ ಹೆಸರಿಗೂ ಒಂದು ಪಡೀಬಹುದಾ?

ಪಾಲಹಳ್ಳಿ ಅಕ್ಕ: ನಮ್ಮತ್ತೆಗೋಸ್ಕರ ಹೋದ ವರ್ಷ ಒಂದು ದಿನಾನೂ ತಪ್ಪಿಸಲಿಲ್ಲ ನಾನು. ಪಾಪನಿವೇದನೆ ಒಂದೇ ಸಾಕಾಯ್ತು, ಹಿಂದೆ ಮುಂದೆ ಇಪ್ಪತ್ತು ದಿನದೊಳಗೆ ಇದ್ದರೆ ನಡೆಯುತ್ತೆ. ಪರಮಪ್ರಸಾದ (ಪೂಜೇಲಿ ಕೊಡೋ ರೊಟ್ಟಿ) ತಗೊಳ್ಳೋದು, ಪೋಪ್ ಇಟ್ಟಿರೋ ಉದ್ದೇಶಗಳಿಗೆ ಪ್ರಾರ್ಥನೆ ಮಾತ್ರ ಪ್ರತಿದಿನ. ಖರ್ಚು ಕೇಳಿ: ಬಸ್ಸೇನೋ ಹೆಂಗಸರಿಗೆ ಫ್ರೀ, ಇಳಿದ ಮೇಲೆ ಆಟೋದವನು ಎಂಬತ್ತು ರೂಪಾಯಿಗೆ ಒಂದು ಪೈಸೆ ಇಳಿಸಲ್ಲ. ಸೇವಂತಿಗೆ ಮಾರಿಗೆ ನೂರು. ಗಾಳಿಗೆ ಕ್ಯಾಂಡಲ್ ಆರಿ ಆರಿ ಇನ್ನೊಂದು ಪ್ಯಾಕೆಟ್. ಅತ್ತೆಯ ಸ್ವಂತ ಮಗಳು ಏನಂದಳು ಗೊತ್ತಾ? "ಅಮ್ಮನ ಕಿವಿಯೋಲೆ ತಗೊಂಡವಳು ನೀನು, ನೀನೇ ಹೋಗು."

ಸ್ಕೂಟರ್ ಸಹೋದರ: ಅಕ್ಕ, ಕಷ್ಟದ್ದನ್ನೇ ನುಂಗಿಬಿಟ್ರಲ್ಲ. ಲಘುಪಾಪದ ಮೇಲೂ ಆಸೆ ಇರಬಾರದು, ಇದ್ದರೆ ಸಿಗೋದು ಭಾಗಶಃ ಮಾತ್ರ. 2025ರ ಜುಬಿಲಿಗೆ (ಚರ್ಚಿನ ಪವಿತ್ರ ವರ್ಷ, ಆಗಲೂ ಇಂಡಲ್ಜೆನ್ಸ್ ಇತ್ತು) ಅಂತ ಒಂದು ದಿನದ ಸಂಬಳ ಕಳಕೊಂಡು ಚರ್ಚಿಗೆ ಬಂದೆ. ಪಾಪನಿವೇದನೆ ಸಾಲು ಕರಗೋ ಹೊತ್ತಿಗೆ ಪೂಜೆ ಗಂಟೆ ಹೊಡೀತು, ಫಾದರ್ ಎದ್ದು ಹೋದರು. ಇನ್ನೊಂದು ಶನಿವಾರ ಎಲ್ಲ ಮುಗಿಸಿ ಹೊರಗೆ ಬಂದರೆ ಯಾವನೋ ಸ್ಕೂಟರ್ ಗೀಚಿದ್ದ. ಪೇಂಟಿಗೆ ಸಾವಿರದೆಂಟುನೂರು. ಅವನಿಗೆ ಬೈದದ್ದು ನ್ಯಾಯವೇ, ಈಗಲೂ ಹೇಳ್ತೀನಿ.

ಪಾಲಹಳ್ಳಿ ಅಕ್ಕ: ಈಗಲೂ ಹೇಳ್ತೀರಾ? ಹಾಗಾದರೆ ನಿಮ್ಮದು ಭಾಗಶಃನೇ ಬಿಡಿ.

ಸಿಎಸ್‌ಐ ಅಳಿಯ: ನಮ್ಮ ಸಿಎಸ್‌ಐ ಪ್ರೊಟೆಸ್ಟಂಟ್ ಸಭೆ. ಪ್ರೊಟೆಸ್ಟಂಟ್ ಚಳವಳಿ ಶುರು ಮಾಡಿದ ಲೂಥರ್ 1517ರಲ್ಲಿ ಎದ್ದು ನಿಂತಿದ್ದೇ ಈ ಇಂಡಲ್ಜೆನ್ಸ್ ವ್ಯಾಪಾರದ ವಿರುದ್ಧ. ನಮ್ಮ ಕ್ಯಾಥೊಲಿಕ್ ಮಾವನ ಮನೇಲಿ ಇನ್ನೂ ಲೆಕ್ಕ ಹಾಕ್ತಾ ಕೂತಿದ್ದಾರೆ. ಪೂಜೆಗೆ ದುಡ್ಡು ಕಟ್ಟಿಸಿದ್ದು ನನ್ನ ಕೈಯಲ್ಲೇ!

ಹಳೇ ಉಪದೇಶಿ: ಅಳಿಯಂದಿರೇ, ದುಡ್ಡಿನ ಇಂಡಲ್ಜೆನ್ಸನ್ನು 1567ರಲ್ಲೇ ಪೋಪ್ ಐದನೇ ಪಯಸ್ ರದ್ದು ಮಾಡಿದ್ದಾರೆ. ಪೂಜೆ ಕಾಣಿಕೆ ಬೇರೆ ವಿಷಯ. ಮಾವನ ಮನೆ ಊಟಕ್ಕೆ ಮಾತ್ರ ಲೆಕ್ಕ ಇಟ್ಟಿಲ್ಲ ಅಲ್ವೇ? ನಮ್ಮ ಮನೆಯವಳು ಸೊಂಟ ಮುರಿದು ಮಲಗಿದ್ದಾಗ, 2020ರಲ್ಲಿ, ಕೋವಿಡ್ ಅಂತ ಈ ಎಂಟು ದಿನದ ಅವಕಾಶವನ್ನು ಇಡೀ ನವೆಂಬರ್‌ಗೆ ವಿಸ್ತರಿಸಿದ್ದರು. ಮನೆಯಿಂದಲೇ ತನ್ನ ತಂದೆತಾಯಿಗೆ ಪ್ರಾರ್ಥಿಸಿದಳು. ಅವಳ ಹೆಸರಿಗೆ ನಾನು ಪಡೆಯೋಕೆ ಆಗ್ತಿರಲಿಲ್ಲ. ನಮಗಾಗಿ, ಇಲ್ಲಾ ಸತ್ತವರಿಗಾಗಿ, ಅಷ್ಟೇ.

ಸಿಎಸ್‌ಐ ಅಳಿಯ: ಊಟದ ಮಾತು ಯಾಕೆ ಬಂತು ಇಲ್ಲಿ?

ಸ್ಕೂಟರ್ ಸಹೋದರ: ಕಾಣಿಕೆ ಬಿಡಿ ಸ್ವಾಮಿ, ಸಮಾಧಿಗೆ ಗ್ರಾನೈಟ್ ಹಾಕಿಸೋಕೆ ನಲವತ್ತು ಸಾವಿರ ಕೇಳ್ತಾರೆ. ಅದನ್ನು ಯಾವ ಪೋಪ್ ರದ್ದು ಮಾಡ್ತಾರೆ?

ಪಾಲಹಳ್ಳಿ ಅಕ್ಕ: ಸುಣ್ಣ ಬಳೀರಿ. ನಮ್ಮತ್ತೆದು ಮಣ್ಣೇ.

ಮಂಡ್ಯ ಹುಡುಗ: ನಾಳೆ ನೈಟ್ ಶಿಫ್ಟ್. ಮಂಡ್ಯದ ಸಿಮೆಟ್ರಿಗೇ ಹೋಗಿ ಅಪ್ಪನಿಗೆ ಬೇಡಿಕೊಂಡರೆ ಆಗುತ್ತಾ?

ಹಳೇ ಉಪದೇಶಿ: ಯಾವ ಸಿಮೆಟ್ರಿ ಆದರೂ ಆಗುತ್ತೆ ಕಣಪ್ಪ. ಅಕ್ಕ, ಮಣ್ಣು ಅಂದ್ರಲ್ಲ, ಮಳೆಗೆ ಕುಸಿದರೆ ಯಾರು ಹೊಣೆ?